ಮಗಳ ನಿದ್ದೆ, ಅತ್ತೆಯವರ ಉಪ್ಪು

ನಮ್ಮ ಮಗಳಿಗೆ ಈಗ ಒಂಬತ್ತು ತಿಂಗಳು. ರಾತ್ರಿ ಎಂಟೂಮುಕ್ಕಾಲರ ಹೊತ್ತಿಗೆ ಮಲಗುತ್ತಾಳೆ. ಆಫೀಸಿನಲ್ಲಿ ಇದನ್ನು ಹೇಳಿದರೆ ಚಿಕ್ಕ ಮಕ್ಕಳಿರುವವರೆಲ್ಲ ಬಂದು "ಏನ್ ಮಾಡ್ದೆ ಗುರೂ?" ಅಂತ ಕೇಳುತ್ತಾರೆ. ಮಲಗಿಸುವ ಟೈಮ್ ಬಿಟ್ಟು ಎಬ್ಬಿಸುವ ಟೈಮ್ ಫಿಕ್ಸ್ ಮಾಡಿದೆವು ಅಂದರೆ ಯಾರೂ ನಂಬುವುದಿಲ್ಲ. ಆದರೆ ಯೋಚಿಸಿ ನೋಡಿ. ಎಚ್ಚರವಾಗಿರುವ ಮಗುವನ್ನು ಮಲಗು ಅಂದರೆ ಮಲಗುತ್ತದಾ? ಮಲಗಿರುವ ಮಗುವನ್ನು ಎಬ್ಬಿಸುವುದಾದರೆ ಯಾರು ಬೇಕಾದರೂ ಮಾಡಬಹುದು.

ಅರಸೀಕೆರೆಯಲ್ಲಿ ಬಾಣಂತನ ನಡೆಯುವಾಗ ಇವಳಿಗೆ ಹಗಲೇ ರಾತ್ರಿ. ಬೆಳಗ್ಗೆ ಹತ್ತಕ್ಕೆ ಅತ್ತೆಯವರು ಕಾಲು ಚಾಚಿ ಕೂತು, ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹದ ಮಾಡಿ ಹಾಕುತ್ತಿದ್ದರು. ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕಿದರೆ ಮಧ್ಯಾಹ್ನದ ತನಕ ಅಲುಗಾಡುತ್ತಿರಲಿಲ್ಲ. ರಾತ್ರಿ ಒಂದು ಗಂಟೆಗೆ ಕಣ್ಣು ಪಿಳಿಪಿಳಿ. ಶನಿವಾರ ರೈಲು ಹತ್ತಿ ಹೋಗುತ್ತಿದ್ದ ನನಗೆ ಆ ಹೊತ್ತಿನ ಡ್ಯೂಟಿ. ಆ ವಯಸ್ಸಿನಲ್ಲಿ ಟೈಮ್‌ಟೇಬಲ್ ಹಾಕಿ ಪ್ರಯೋಜನವೂ ಇಲ್ಲ. ಹುಟ್ಟಿದ ಮಗುವಿಗೆ ಹಗಲು ರಾತ್ರಿಯ ಲೆಕ್ಕ ಇರುವುದಿಲ್ಲ. ಕತ್ತಲಾದ ಮೇಲೆ ಮೈಗೆ ನಿದ್ದೆಯ ಸುಳಿವು ಕೊಡುವ ಮೆಲಟೋನಿನ್ ಹಾರ್ಮೋನು ಒಂದು ಲಯಕ್ಕೆ ಬರುವುದೇ ಎರಡು ಮೂರು ತಿಂಗಳು ಕಳೆದ ಮೇಲೆ.

ಆಮೇಲೆ ನನ್ನ ಹೆಂಡತಿಯ 26 ವಾರಗಳ ರಜೆ ಮುಗಿಯಿತು. (2017ರ ತಿದ್ದುಪಡಿಗೆ ಮೊದಲು ಬರೀ 12 ವಾರ ಇತ್ತು. ಅಷ್ಟರಲ್ಲಿ ನಮ್ಮಮ್ಮಂದಿರು ಹೇಗೆ ನಿಭಾಯಿಸಿದರೋ.) ಬೆಂಗಳೂರಿಗೆ ಬಂದೆವು. ಜೊತೆಗೆ ಅತ್ತೆಯವರೂ ಬಂದರು.

ಇಂಟರ್‌ನೆಟ್ಟಿನ ಚಾರ್ಟ್‌ಗಳನ್ನು ನೋಡಿದರೆ ಮಗು ಸಂಜೆ ಏಳಕ್ಕೆ ಮಲಗಬೇಕು. ಏಳು ಗಂಟೆಗೆ ನನ್ನ ಹೆಂಡತಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಇರುತ್ತಾಳೆ. ಅಮ್ಮ ಬರುವಷ್ಟರಲ್ಲಿ ಮಗು ಮಲಗಿರಬೇಕು ಅನ್ನುವುದು ಯಾವ ನ್ಯಾಯ? ಏಳು ಗಂಟೆ ನಮ್ಮ ಮನೆಗೆ ಆಗಿಬರುವುದಿಲ್ಲ ಅಂತ ಮೊದಲ ವಾರವೇ ಬಿಟ್ಟೆವು.

ಹಿಡಿದದ್ದು ಬೆಳಗಿನ ಆರೂವರೆಯನ್ನು. ರಾತ್ರಿ ಹೇಗೇ ಕಳೆದಿರಲಿ, ಆರೂವರೆಗೆ ಕರ್ಟನ್ ಸರಿಸುತ್ತೇನೆ. ಎತ್ತಿಕೊಂಡು ಬಾಲ್ಕನಿಗೆ ಹೋಗುತ್ತೇನೆ. ಹಾಲಿನವರು, ಹೂವಿನವರು, ನೀರು ಬಿಡುವ ವಾಚ್‌ಮನ್, ಎಲ್ಲರನ್ನೂ ನೋಡುತ್ತಾಳೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಅಲ್ಲಿಂದ ಲೆಕ್ಕ ಶುರು ಮಾಡುತ್ತದೆ. ಈ ವಯಸ್ಸಿನ ಮಕ್ಕಳಿಗೆ ಹಗಲು ರಾತ್ರಿ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು. ಹಗಲು ಜಾಸ್ತಿ ಮಲಗಿದರೆ ರಾತ್ರಿಯದಕ್ಕೆ ಕತ್ತರಿ. ಅದಕ್ಕೇ ಹಗಲಿನ ಎರಡನೇ ನಿದ್ದೆ ನಾಲ್ಕೂವರೆಗೆ ಮುಗಿಯಲೇಬೇಕು.

ಇದೇ ವಿಷಯಕ್ಕೆ ಮನೆಯಲ್ಲಿ ನಿಜವಾದ ಜಗಳ. "ಮಲಗಿರೋ ಮಗೂನ ಎಬ್ಬಿಸ್ತಾರಾ ಅಳಿಯಂದ್ರೇ? ಪಾಪ ಅಲ್ವಾ?" ಅಂತ ಅತ್ತೆಯವರು. ಎಬ್ಬಿಸುವುದಕ್ಕೆ ಹೊರಟರೆ ಬಾಗಿಲಲ್ಲೇ ನಿಲ್ಲುತ್ತಿದ್ದರು. ನಾನು ಮಾತು ಬೆಳೆಸಲಿಲ್ಲ. ಅಡುಗೆಮನೆಗೆ ಹೋಗಿ ಮಿಕ್ಸಿ ಹಾಕುತ್ತಿದ್ದೆ. ಚಟ್ನಿಗೆ ಯಾರೂ ಬೇಡ ಅನ್ನುವಂತಿಲ್ಲವಲ್ಲ.

ಸಂಜೆ ಸ್ನಾನ ಮಾಡಿಸಿದರೆ ಚೆನ್ನಾಗಿ ಮಲಗುತ್ತವೆ ಅಂತ ಎಲ್ಲರೂ ಬರೆಯುತ್ತಾರೆ. ನಮ್ಮಲ್ಲಿ ಅದು ಪಾಸಾಗಲಿಲ್ಲ, ಶೀತ ಆಗುತ್ತದಂತೆ. ಸರಿ, ನೀರು ಬೆಳಗ್ಗೆಯೇ ಇರಲಿ, ರಾತ್ರಿ ಬಿಸಿನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಮೈ ಒರೆಸೋಣ ಅಂತಾಯಿತು. ಬದಲಿಗೆ ರೂಮಿನಲ್ಲಿ ಸಾಂಬ್ರಾಣಿ ಹೊಗೆ ಹಾಕುವುದು ನಿಂತಿತು. ಮಗುವಿನ ಶ್ವಾಸಕೋಶಕ್ಕೆ ಹೊಗೆ ಬೇಡ ಅಂತ ಡಾಕ್ಟರೇ ಹೇಳಿದ್ದು ಅನುಕೂಲವಾಯಿತು.

ನಾನು ಎಣಿಸದೇ ಇದ್ದದ್ದು ಒಂದಿದೆ. ಏಳೂವರೆಗೆ ರಾಗಿ ಸರಿ, ಎಂಟಕ್ಕೆ ಅಮ್ಮನ ಮಡಿಲು, ಅದಾದ ಮೇಲೆ ಅತ್ತೆಯವರು ಒಂದು ಹಿಡಿ ಉಪ್ಪು ತಂದು ದೃಷ್ಟಿ ತೆಗೆಯುತ್ತಾರೆ. "ನಾಯಿ ಕಣ್ಣು, ನರಿ ಕಣ್ಣು, ಹಾದಿ ಕಣ್ಣು, ಬೀದಿ ಕಣ್ಣು" ಅಂತ ನಿವಾಳಿಸಿ, ಉಪ್ಪನ್ನು ನೀರಿಗೆ ಹಾಕುತ್ತಾರೆ. ಒಂದು ದಿನವೂ ತಪ್ಪಿಸುವುದಿಲ್ಲ. ಅದೇ ಧಾಟಿ, ಅದೇ ಹೊತ್ತು. ಈಗ "ನಾಯಿ ಕಣ್ಣು" ಅನ್ನುತ್ತಿದ್ದಂತೆ ಮಗಳು ತನ್ನ ಕಣ್ಣು ಉಜ್ಜಿಕೊಳ್ಳುತ್ತಾಳೆ! ಮಲಗುವ ಮೊದಲು ದಿನಾ ಒಂದೇ ಕ್ರಮದಲ್ಲಿ ಒಂದೇ ಕೆಲಸ ಮಾಡಿ ಅಂತ ದುಡ್ಡು ತೆಗೆದುಕೊಂಡು ಹೇಳಿಕೊಡುವವರಿದ್ದಾರೆ. ನಮಗೆ ಒಂದು ಹಿಡಿ ಉಪ್ಪಿನಲ್ಲಿ ಮುಗಿಯಿತು.

ಆಮೇಲೆ ಲೈಟ್ ಆಫ್. ಹಾಲಿನಲ್ಲಿ ಸೀರಿಯಲ್ ನಡೆಯುತ್ತಿರುತ್ತದೆ, ವಾಲ್ಯೂಮ್ ಕಮ್ಮಿ. ಪೂರ್ತಿ ನಿಶ್ಶಬ್ದ ಬೇಕಿಲ್ಲ, ಕತ್ತಲೆ ಬೇಕು. ಸೀರೆಯ ಜೋಳಿಗೆ ಹಗಲಿಗೆ ಮಾತ್ರ, ಅದೂ ಯಾರಾದರೂ ಎದುರಿಗೆ ಕೂತಿದ್ದರೆ. ರಾತ್ರಿ ನಮ್ಮ ಮಂಚದ ಪಕ್ಕ ಅವಳದೇ ಮಂಚ, ಗಟ್ಟಿ ಹಾಸಿಗೆ, ಅಂಗಾತ ಮಲಗಿಸುವುದು. ದಿಂಬಿಲ್ಲ, ಹೊದಿಕೆಯ ರಾಶಿಯಿಲ್ಲ. ತಲೆ ದುಂಡಗಾಗಲಿ ಅಂತ ಹೊಲಿದು ತಂದಿದ್ದ ಸಾಸಿವೆ ದಿಂಬು ಬೀರುವಿನಲ್ಲಿದೆ.

ನಡುರಾತ್ರಿ ಏಳುವುದು ನಿಂತಿಲ್ಲ. ಒಂದು ಸಲ ಹಾಲಿಗೆ ಏಳುತ್ತಾಳೆ, ಕುಡಿದು ಮಲಗುತ್ತಾಳೆ. ಉಳಿದ ಸಲ ಮುಲುಗುತ್ತಾಳೆ, ಹೊರಳುತ್ತಾಳೆ. ಮಕ್ಕಳ ನಿದ್ದೆಯ ಸುತ್ತು ಒಂದು ಗಂಟೆಗಿಂತ ಕಮ್ಮಿ. ಒಂದು ಸುತ್ತು ಮುಗಿದು ಇನ್ನೊಂದಕ್ಕೆ ಹೋಗುವಾಗ ಸದ್ದು ಬರುತ್ತದೆ. ತಕ್ಷಣ ಎತ್ತಿಕೊಂಡರೆ ಪೂರ್ತಿ ಎಚ್ಚರ. ಸ್ವಲ್ಪ ಕಾದು, ಎದೆಯ ಮೇಲೆ ಕೈ ಇಟ್ಟರೆ ಬಹಳಷ್ಟು ಸಲ ಅಷ್ಟೇ ಸಾಕು. ಹಾಗಂತ ಅಳಲಿ ಬಿಡಿ, ತಾನೇ ಕಲಿಯುತ್ತೆ ಅನ್ನುವ ವಿಧಾನ ನಮಗಲ್ಲ. ಅತ್ತೆಯವರು ಬಾಗಿಲು ಮುರಿದಾರು. ಅವರು ಬಿಟ್ಟರೂ ಕೆಳಗಿನ ಮನೆಯ ಅಂಕಲ್ ಬಿಡುವುದಿಲ್ಲ.

ಮುಂದಿನ ವಾರ ತಿಪಟೂರಿನಲ್ಲಿ ಅತ್ತೆಯವರ ಅಣ್ಣನ ಮಗನ ಮದುವೆ. ರಿಸೆಪ್ಷನ್ ರಾತ್ರಿ ಏಳೂವರೆಗಂತೆ, ಅಂದರೆ ಒಂಬತ್ತಕ್ಕೆ. ನಾನು, ಮಗಳು ಅದಕ್ಕೆ ಹೋಗುವುದಿಲ್ಲ, ಮಾರನೇ ದಿನ ಮುಹೂರ್ತಕ್ಕೆ ಹೋಗುತ್ತೇವೆ ಅಂತ ತೀರ್ಮಾನವಾಗಿದೆ. ಹೆಂಡತಿ ಒಪ್ಪಿದ್ದಾಳೆ. ಅತ್ತೆಯವರಿಗೆ ಇನ್ನೂ ಹೇಳಿಲ್ಲ.