ಅಂಕಲ್ ಪೈ ವಿಳಾಸ ಹಿಡಿದು ಮುಂಬೈ ಸುತ್ತಾಟ

ಮಕ್ಕಳ ಕಾಮಿಕ್ಸ್ ಸರಣಿಯಾದ ಅಮರ ಚಿತ್ರ ಕಥೆಯ ಹಳೆಯ ಇಂಗ್ಲಿಷ್ ಪ್ರತಿಗಳಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಎರಡು ವಿಳಾಸಗಳು ಇರುತ್ತಿದ್ದವು. ಪ್ರಕಾಶಕರದ್ದು ಬೊಂಬಾಯಿಯ 29, ವುಡ್‌ಹೌಸ್ ರಸ್ತೆ. ಅಚ್ಚು ಹಾಕಿದ್ದು ಅಂಧೇರಿ ಪೂರ್ವದ ಮರೋಲ್ ನಾಕಾದಲ್ಲಿ. ಬಾಲ್ಯದಲ್ಲಿ ಕಥೆ ಮುಗಿದ ಮೇಲೂ ಓದುವ ಚಪಲ ತೀರದೆ ಈ ಸಾಲುಗಳನ್ನೂ ಓದಿ ಬಾಯಿಪಾಠ ಮಾಡಿಕೊಂಡಿದ್ದೆ. ನನ್ನ ಆಗಿನ ಭೂಗೋಳದಲ್ಲಿ ಮರೋಲ್ ನಾಕಾ ಹಸ್ತಿನಾಪುರದ ಪಕ್ಕದಲ್ಲೆಲ್ಲೋ ಇತ್ತು. ಅಕ್ಕ ಮದುವೆಯಾಗಿ ಮುಂಬೈಯ ಘಾಟ್ಕೋಪರ್ ಸೇರಿದ ಮೇಲೂ ನಾನು ಅಲ್ಲಿಗೆ ಹೋದದ್ದು ಮದುವೆ ಮುಂಜಿಗಳಿಗೆ ಮಾತ್ರ. ಈ ಸಲ ಯಾವ ಸಮಾರಂಭವೂ ಇರಲಿಲ್ಲ. ವಿಳಾಸಗಳ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಉಡುಪಿಯಲ್ಲಿ ಮತ್ಸ್ಯಗಂಧ ಹತ್ತಿದೆ.

ಈ ರೈಲಿನಲ್ಲಿ ಕುಳಿತು ಅಮರ ಚಿತ್ರ ಕಥೆಯ ಸಂಪಾದಕ, ಮಕ್ಕಳ ಪಾಲಿನ ಅಂಕಲ್ ಪೈ, ಅನಂತ ಪೈ ಅವರನ್ನು ನೆನೆಯುವುದಕ್ಕೆ ಒಂದು ಅರ್ಥವಿದೆ. ಅವರು ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ, 1929ರ ಸೆಪ್ಟೆಂಬರ್ 17ರಂದು. ಎರಡು ವರ್ಷದವರಿದ್ದಾಗಲೇ ತಂದೆತಾಯಿ ತೀರಿಕೊಂಡರು. ಹನ್ನೆರಡನೆಯ ವಯಸ್ಸಿಗೆ ಬೊಂಬಾಯಿಗೆ ಬಂದು ಮಾಹಿಮ್‌ನ ಓರಿಯೆಂಟ್ ಶಾಲೆ ಸೇರಿದರು. ಕರಾವಳಿಯಿಂದ ಆ ವಯಸ್ಸಿನಲ್ಲಿ ಬೊಂಬಾಯಿಗೆ ಹೊರಟ ಹುಡುಗರಲ್ಲಿ ಹೆಚ್ಚಿನವರು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಗಲ್ಲಾಪೆಟ್ಟಿಗೆಯವರೆಗೆ ಬಂದು ಕುಳಿತವರು. ಈ ಹುಡುಗ ಮಾತ್ರ ರಸಾಯನ ತಂತ್ರಜ್ಞಾನ ಓದಿ, ಅದನ್ನು ಬದಿಗಿಟ್ಟು, 1954ರಲ್ಲಿ ‘ಮಾನವ್’ ಎಂಬ ಮಕ್ಕಳ ಪತ್ರಿಕೆ ಶುರುಮಾಡಿ ಕೈಸುಟ್ಟುಕೊಂಡು, ಆಮೇಲೆ ಟೈಮ್ಸ್ ಆಫ್ ಇಂಡಿಯಾ ಸೇರಿದ.

ಅಕ್ಕನ ಮನೆಯಲ್ಲಿ ನನ್ನ ಯೋಜನೆ ಕೇಳಿ ಭಾವ ಕೂಡಲೇ ರಜೆ ಹಾಕಿದರು. ಬ್ಯಾಂಕಿನಲ್ಲಿ ಅಧಿಕಾರಿಯಾಗಿರುವ, ನಾಲ್ಕು ಜನರೆದುರು ನಕ್ಕರೂ ಲೆಕ್ಕವಿಟ್ಟು ನಗುವ ಈ ಮನುಷ್ಯ, ಪೈ ಅವರ ಮಕ್ಕಳ ಪತ್ರಿಕೆ ‘ಟಿಂಕಲ್’ನಲ್ಲಿ ಬರುತ್ತಿದ್ದ ಶಿಕಾರಿ ಶಂಭುವಿನ ಪರಮಭಕ್ತ. ಕಣ್ಣು ಮುಚ್ಚುವ ಟೋಪಿ, ಕೈಯಲ್ಲಿ ಬಂದೂಕು, ಎದೆಯಲ್ಲಿ ಪುಕ್ಕಲುತನ, ಆದರೂ ಪ್ರತಿ ಸಲವೂ ಹುಲಿ ಸಿಕ್ಕಿಬೀಳುತ್ತದೆ. “ನಮ್ಮ ಬ್ರಾಂಚಿನಲ್ಲಿ ಬಡ್ತಿ ಸಿಗುವುದೂ ಹೀಗೆಯೇ ಮಾರಾಯ” ಎಂದರು. ನಾನು ಅದೇ ಪತ್ರಿಕೆಯ ಪೆದ್ದ ಸುಪ್ಪಾಂಡಿಯ ಪಕ್ಷ. ಶಂಭುವನ್ನು ಬರೆದ ವಸಂತ ಹಲ್ಬೆ ಅವರ ರೇಖೆ ಮೇಲೋ, ಸುಪ್ಪಾಂಡಿಯ ಆ ಚೌಕ ತಲೆಯನ್ನು ಬರೆದ ರಾಮ್ ವಾಯೀರ್‌ಕರ್ ಅವರದ್ದು ಮೇಲೋ ಎಂದು ಊಟದ ಹೊತ್ತಿನಲ್ಲಿ ವಾದ ಬೆಳೆಯಿತು. ಅಕ್ಕ ಪಲ್ಯ ಬಡಿಸುತ್ತ ಎರಡೂ ಪಕ್ಷಗಳ ಬಾಯಿ ಮುಚ್ಚಿಸಿದಳು: “ಆ ಪುಸ್ತಕಗಳಲ್ಲಿ ರಾಜಕುಮಾರಿಯರೆಲ್ಲ ಬೆಳ್ಳಗೆ. ನಮ್ಮ ಬಣ್ಣದವರೆಲ್ಲ ಗದೆ ಹಿಡಿದು ಅಟ್ಟಹಾಸ ಮಾಡುವವರು. ಅದನ್ನು ನೀವಿಬ್ಬರೂ ನೋಡಿದ್ದೀರಾ?” ನೋಡಿದ್ದೆವು, ಆದರೆ ನೋಡಿದ್ದು ಗಮನಕ್ಕೆ ಬಂದಿರಲಿಲ್ಲ. ವಿದ್ವಾಂಸರು ಈ ಮಾತನ್ನು ದೊಡ್ಡ ದೊಡ್ಡ ಲೇಖನಗಳಲ್ಲಿ ಬರೆದಿದ್ದಾರೆ. ಅಕ್ಕ ಅವನ್ನು ಓದಿದವಳಲ್ಲ. ಪೈ ಅವರ ಅಭಿಮಾನಿ ಎಂದು ಹೇಳಿಕೊಳ್ಳುವವರು ಈ ಆಕ್ಷೇಪವನ್ನು ಒಪ್ಪಿಕೊಂಡೇ ಅಭಿಮಾನ ಪಡಬೇಕು ಎಂದು ನನಗೂ ಅನ್ನಿಸುತ್ತದೆ.

ಘಾಟ್ಕೋಪರ್‌ನಿಂದ ಮೆಟ್ರೊದಲ್ಲಿ ಮರೋಲ್ ನಾಕಾ ಕೆಲವೇ ನಿಮಿಷಗಳ ದಾರಿ. ಹಸ್ತಿನಾಪುರ ಇಷ್ಟು ಹತ್ತಿರವಿದೆ ಎಂದು ಯಾರೂ ಹೇಳಿರಲಿಲ್ಲ. ನಿಲ್ದಾಣದಿಂದ ಇಳಿದು ಮಥುರಾದಾಸ್ ವಸನ್‌ಜಿ ರಸ್ತೆಯಲ್ಲಿ ನಡೆದೆವು. ತಲೆಯ ಮೇಲೆ ಮೆಟ್ರೊ, ಕೆಳಗೆ ರಿಕ್ಷಾಗಳ ದಟ್ಟಣೆ, ಎರಡೂ ಬದಿಗೆ ಗಾಜಿನ ಕಟ್ಟಡಗಳು, ನಡುನಡುವೆ ಉಳಿದುಕೊಂಡ ಹಳೆಯ ಕೈಗಾರಿಕಾ ಮಳಿಗೆಗಳು. ಕೃಷ್ಣ, ಕರ್ಣ, ಶಕುಂತಲೆಯರು ಹಸಿ ಶಾಯಿಯಲ್ಲಿ ಹೊರಬಂದು ಲಾರಿ ಹತ್ತಿದ ಜಾಗ ಇದರಲ್ಲಿ ಯಾವುದು ಎಂದು ಊಹಿಸುವ ಆಟ ಸ್ವಲ್ಪ ಹೊತ್ತು ನಡೆಯಿತು. ಬಿಸಿಲು ಏರಿತು, ವಡಾಪಾವ್ ತಿಂದೆವು, ಹೊರಟೆವು.

ಮರೋಲ್ ನಾಕಾದಲ್ಲೇ ನೆಲದೊಳಗೆ ಇನ್ನೊಂದು ಮೆಟ್ರೊ ಸಿಗುತ್ತದೆ, ಕಫ್ ಪರೇಡ್‌ವರೆಗೆ ಹೋಗುವ ಆಕ್ವಾ ಮಾರ್ಗ. ಮುದ್ರಕರ ವಿಳಾಸದಿಂದ ಪ್ರಕಾಶಕರ ವಿಳಾಸಕ್ಕೆ ಒಂದೇ ಗಾಡಿ. ದಾರಿಯಲ್ಲಿ ಭಾವನಿಗೆ ದೆಹಲಿಯ ಪ್ರಸಂಗ ಹೇಳಿದೆ. ಪೈ ಅವರೇ ಮತ್ತೆ ಮತ್ತೆ ಹೇಳುತ್ತಿದ್ದ ಕಥೆ ಅದು: 1967ರ ಫೆಬ್ರವರಿ, ಪುಸ್ತಕದಂಗಡಿಯೊಂದರ ಟಿವಿಯಲ್ಲಿ ದೂರದರ್ಶನದ ರಸಪ್ರಶ್ನೆ, ಗ್ರೀಕ್ ದೇವತೆಗಳ ಬಗ್ಗೆ ಪಟಪಟನೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿ ಯಾರೆಂಬುದು ಗೊತ್ತಿರಲಿಲ್ಲ. ಅಲ್ಲಿಂದ ಅಮರ ಚಿತ್ರ ಕಥೆ ಹುಟ್ಟಿತು ಎನ್ನುತ್ತಾರೆ.

ಕನ್ನಡಿಗರಿಗೆ ಈ ಹುಟ್ಟಿನ ಕಥೆಯ ಇನ್ನೊಂದು ಪಾಠಾಂತರವೂ ಗೊತ್ತಿರಬೇಕು. ಸರಣಿಯಲ್ಲಿ ಪೈ ಅವರ ಮೊದಲ ಪುಸ್ತಕ ‘ಕೃಷ್ಣ’. ಅದರ ಸಂಖ್ಯೆ 11. ಹಾಗಾದರೆ ಮೊದಲ ಹತ್ತು ಎಲ್ಲಿ? ಅವು ಸಿಂಡರೆಲ್ಲಾಳಂಥ ಪರದೇಶದ ಕಥೆಗಳು. ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು ಹೇಳಿರುವಂತೆ, ಅವನ್ನು ಅಮರ ಚಿತ್ರ ಕಥೆ ಎಂಬ ಹೆಸರಿನಲ್ಲಿ 1965ರಲ್ಲಿ ಮೊದಲು ತಂದದ್ದು ಕನ್ನಡದಲ್ಲಿ. ಅದು ಚೆನ್ನಾಗಿ ಖರ್ಚಾದದ್ದರಿಂದಲೇ ಬೊಂಬಾಯಿಯ ಕಚೇರಿಗೆ ಧೈರ್ಯ ಬಂತು ಎನ್ನುವುದು ಅವರ ವಾದ. ಭಾವ ಬ್ಯಾಂಕಿನವರಾದ್ದರಿಂದ ತೀರ್ಪು ಕೊಟ್ಟೇಬಿಟ್ಟರು: “ದೆಹಲಿಯದು ಪ್ರೇರಣೆ, ಬೆಂಗಳೂರಿನದು ಜಾಮೀನು.”

ವುಡ್‌ಹೌಸ್ ರಸ್ತೆಯ ಈಗಿನ ಹೆಸರು ನಾಥಾಲಾಲ್ ಪಾರೇಖ್ ಮಾರ್ಗ. ಕೊಲಾಬಾದ ಗದ್ದಲಕ್ಕೆ ಬೆನ್ನು ಹಾಕಿದ, ಹಳೆಯ ಮರಗಳ ನೆರಳಿನ ರಸ್ತೆ. ಹೋಲಿ ನೇಮ್ ಕೆಥೆಡ್ರಲ್‌ನ ಜೋಡಿ ಗೋಪುರಗಳು ಇಲ್ಲೇ. ಫಲಕಗಳ ಸಂಖ್ಯೆ ನೋಡುತ್ತ ಎರಡು ಸಲ ಮೇಲೆ ಕೆಳಗೆ ನಡೆದೆವು. ಪೈ ಅವರ ಗುರುತು ಹೇಳುವ ಫಲಕ ನಮ್ಮ ಕಣ್ಣಿಗೆ ಬೀಳಲಿಲ್ಲ. ಅಲ್ಲಿಂದ ಟ್ಯಾಕ್ಸಿ ಹಿಡಿದು ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನ ಟೈಮ್ಸ್ ಕಟ್ಟಡವನ್ನು ಹೊರಗಿನಿಂದಲೇ ನೋಡಿದೆವು. 1964ರಲ್ಲಿ ಫ್ಯಾಂಟಮ್ ಎಂಬ ಪರದೇಶದ ನಾಯಕನ ಜೊತೆ ಶುರುವಾದ ಇಂದ್ರಜಾಲ ಕಾಮಿಕ್ಸ್ ಇಲ್ಲಿಂದಲೇ ಹೊರಟದ್ದು, ಪೈ ಕೈಪಳಗಿಸಿಕೊಂಡದ್ದೂ ಇಲ್ಲೇ. ಬೇರೆಯವರ ನಾಯಕರ ಕಥೆಗಳಿಗೆ ಸಂಪಾದಕನಾಗಿ ಕೂರಲಾರೆ ಎಂದು ಆ ನೌಕರಿ ಬಿಟ್ಟು ಬಂದ ಎದೆಗಾರಿಕೆಯನ್ನು ಭಾವ ಬಹಳ ಹೊತ್ತು ಮೆಚ್ಚಿದರು. ಅವರದ್ದು ಇನ್ನೂ ಹನ್ನೊಂದು ವರ್ಷ ಸೇವಾವಧಿ ಇದೆ.

ಮಾಟುಂಗಕ್ಕೆ ಮರುದಿನ ಹೋದದ್ದು. ಪೈ ಓದಿದ ರಸಾಯನ ತಂತ್ರಜ್ಞಾನ ವಿಭಾಗ ಈಗ ಸ್ವತಂತ್ರ ಸಂಸ್ಥೆ. ತಮಾಷೆಯೆಂದರೆ ಅದೂ ನಾಥಾಲಾಲ್ ಪಾರೇಖ್ ಮಾರ್ಗದಲ್ಲೇ ಇದೆ, ಮಾಟುಂಗದ ಇನ್ನೊಂದು ನಾಥಾಲಾಲ್ ಪಾರೇಖ್ ಮಾರ್ಗ. ಓದಿದ ಕಾಲೇಜು, ಪುಸ್ತಕದ ವಿಳಾಸ ಎರಡೂ ಒಂದೇ ಹೆಸರಿನ ರಸ್ತೆಯಲ್ಲಿ, ನಡುವೆ ಅರ್ಧ ನಗರ. ಗೇಟಿನ ಮುಂದೆ ನಿಂತು ನೋಡಿ, ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ ಮಾಡಿದೆವು. 1942ರಿಂದ ಇರುವ ಊಟದ ಮನೆ. ಸಾರು ಎರಡನೆಯ ಸಲ ಬಡಿಸುವಾಗ ಬಡಿಸುವವರು ತುಳುವಿನಲ್ಲಿ ಮಾತಾಡಿಸಿದರು, ಭಾವ ಮೂರನೆಯ ಸಲವೂ ಬಡಿಸಿಕೊಂಡರು.

ಮಾಟುಂಗದ ಭಾವೂ ದಾಜಿ ರಸ್ತೆಯಲ್ಲಿ 1926ರಿಂದಲೂ ಇರುವ ಮೈಸೂರು ಅಸೋಸಿಯೇಷನ್ ಇದೆ. ಅಲ್ಲಿ ಭಾವ ಪರಿಚಯಿಸಿದ ಹಿರಿಯರೊಬ್ಬರು ನಮಗಾಗಿ ಕಾಯುತ್ತಿದ್ದರು. ಒಂದು ಆಫ್‌ಸೆಟ್ ಮುದ್ರಣಾಲಯದ ಪ್ಲೇಟ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು, ಎಂಬತ್ತು ದಾಟಿದವರು. ಹೆಸರು ಬರೆಯಬೇಡ ಎಂದರು, ಬರೆಯುವುದಿಲ್ಲ, ರಾಯರು ಎನ್ನೋಣ. ನಾನು ಊರಿನಿಂದ ತಂದಿದ್ದ, ಮೊದಲ ಹಾಳೆ ಹರಿದುಹೋದ ಒಂದು ಚಿತ್ರಕಥೆಯನ್ನು ಅವರ ಕೈಗಿತ್ತೆ. ಕಥೆ ನೋಡಲಿಲ್ಲ, ಮುಖ ನೋಡಲಿಲ್ಲ. ಅಂಗಿಯ ಜೇಬಿನಿಂದ ಪುಟ್ಟ ಮಸೂರ ತೆಗೆದು ಕೃಷ್ಣನ ಮೊಣಕೈ ಮೇಲಿಟ್ಟು ಬಗ್ಗಿದರು.

“ಇಲ್ಲಿ ನೋಡಿ, ರಿಜಿಸ್ಟ್ರೇಷನ್ ತಪ್ಪಿದೆ.”

ನಾನೂ ಬಗ್ಗಿ ನೋಡಿದೆ. ಕಪ್ಪು ಗೆರೆಯೊಳಗೆ ಇರಬೇಕಾದ ನೀಲಿ ಕೂದಲೆಳೆಯಷ್ಟು ಆಚೆ ಜರುಗಿ, ಮೊಣಕೈಯ ಒಂದು ಅಂಚಿನಲ್ಲಿ ಬಿಳಿ ಗೀರು, ಇನ್ನೊಂದು ಅಂಚಿನಲ್ಲಿ ಹೊರಚೆಲ್ಲಿದ ನೀಲಿ. ಮಸೂರದಡಿಯಲ್ಲಿ ಆ ನೀಲಿಯೂ ಬಣ್ಣವಾಗಿ ಉಳಿಯಲಿಲ್ಲ, ಸಾಲುಗಟ್ಟಿದ ಚುಕ್ಕೆಗಳಾಯಿತು. ಚುಕ್ಕೆ ದೊಡ್ಡದಾದಷ್ಟು ನೀಲಿ ಗಾಢ, ಸಣ್ಣದಾದಷ್ಟು ತೆಳು. ನಾನು ಬಾಲ್ಯದಲ್ಲಿ ದೈವೀಕ ಪ್ರಭೆ ಎಂದು ನಂಬಿದ್ದ ಆ ಹೊರಚೆಲ್ಲು, ಪ್ಲೇಟು ಜರುಗಿದ್ದರ ಫಲ.

ರಾಯರು ಉತ್ಸಾಹದಿಂದ ವಿವರಿಸಿದರು. ಕಲಾವಿದ ಕಪ್ಪು ಶಾಯಿಯಲ್ಲಿ ಬರೆದ ಹಾಳೆ ಒಂದು. ಬಣ್ಣ ಎಲ್ಲಿ ಯಾವುದು ಎಂದು ತೋರಿಸುವ ಮಾದರಿ ಇನ್ನೊಂದು. ಪ್ರತಿ ಬಣ್ಣಕ್ಕೂ ಬೇರೆ ಫಿಲ್ಮ್, ಬೇರೆ ಪ್ಲೇಟು; ಒಂದೇ ಕಾಗದದ ಮೇಲೆ ಅವೆಲ್ಲ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಮೊದಮೊದಲ ಅಮರ ಚಿತ್ರ ಕಥೆಗಳು ಹಳದಿ, ನೀಲಿ, ಹಸಿರುಗಳಲ್ಲೇ ಸಂಸಾರ ತೂಗಿಸಿದವು, ಪೂರ್ತಿ ಬಣ್ಣ ಬಂದದ್ದು ಆಮೇಲೆ. ಮಾತಿನ ಗುಳ್ಳೆಗಳ ವಿಷಯಕ್ಕೆ ಬಂದಾಗ ರಾಯರ ಧ್ವನಿ ಇನ್ನಷ್ಟು ಏರಿತು. “ಪೇಜ್‌ಗೆ ಐದಾರು ಚೌಕ. ಚೌಕಕ್ಕೆ ಒಂದೋ ಎರಡೋ ಗುಳ್ಳೆ. ಒಂದು ಶಬ್ದ ಹೆಚ್ಚಾದರೆ ಭೀಮನ ಗದೆ ಮುಚ್ಚಿಹೋಗುತ್ತದೆ. ಮಹಾಭಾರತ ಬರೆಯುವುದು ಸುಲಭ ಸ್ವಾಮಿ, ವ್ಯಾಸರಿಗೆ ಜಾಗದ ಕೊರತೆ ಇರಲಿಲ್ಲ.”

ನಾನು ಇಷ್ಟು ದೂರ ಬಂದದ್ದು ಈ ಮಾತಿಗೇ ಇರಬೇಕು. ಪೈ ಅವರನ್ನು ಹೊಗಳುವವರು ಸಂಸ್ಕೃತಿ, ಪರಂಪರೆ ಎಂದು ದೊಡ್ಡ ಮಾತಾಡುತ್ತಾರೆ, ತೆಗಳುವವರೂ ಅಷ್ಟೇ ದೊಡ್ಡ ಮಾತಾಡುತ್ತಾರೆ. ಕಸುಬಿನ ವಿಷಯ ಎತ್ತುವವರು ಕಡಿಮೆ. ಮೂವತ್ತೆರಡು ಪುಟದ ಪುಸ್ತಕದಲ್ಲಿ ಕಥೆ ಶುರುವಾಗಿ, ಬೆಳೆದು, ಮುಗಿಯಬೇಕು. ಓದುವವನಿಗೆ ಹತ್ತು ವರ್ಷ. ಅವನಿಗೆ ಬೇಸರವಾದರೆ ಪುಸ್ತಕ ಮಡಚಿ ಆಡಲು ಓಡುತ್ತಾನೆ. ಈ ಇಕ್ಕಟ್ಟಿನಲ್ಲಿ ಏನನ್ನು ಬಿಡಬೇಕು ಎಂದು ನಿರ್ಧರಿಸುವುದೇ ಚಿತ್ರಕಥೆಯವನ ಕೆಲಸ. ಹಾಗೆ ಬಿಡುತ್ತ ಬಿಡುತ್ತ ನಾನೂರಕ್ಕೂ ಹೆಚ್ಚು ಪುಸ್ತಕಗಳ ಸರಣಿ ಬೆಳೆಯಿತು. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫೆರ್ನಾಂಡಿಸ್ ಅವರಂಥ ಬರಹಗಾರ ಸಂಪಾದಕರು, ಪ್ರತಾಪ್ ಮುಳಿಕ್, ದಿಲೀಪ್ ಕದಂ ಅವರಂಥ ಕಲಾವಿದರು ಜೊತೆಗಿದ್ದರು. ಬರವಣಿಗೆ ಯಾರದ್ದು, ಚಿತ್ರ ಯಾರದ್ದು ಎಂದು ಪುಸ್ತಕದಲ್ಲೇ ಅಚ್ಚಾಗುತ್ತಿತ್ತು. ನಮ್ಮಲ್ಲಿ ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ಚಿತ್ರ ಬರೆದವರ ಹೆಸರು ಹುಡುಕಿದರೂ ಸಿಗದಿದ್ದ ಕಾಲ. ಇದನ್ನು ರಾಯರಿಗೆ ಹೇಳಿದಾಗ ನಕ್ಕರು. “ಪ್ಲೇಟಿನವರ ಹೆಸರು ಆಗಲೂ ಹಾಕುತ್ತಿರಲಿಲ್ಲ. ತಪ್ಪಾದಾಗ ಮಾತ್ರ ನಮ್ಮ ನೆನಪಾಗುತ್ತಿತ್ತು, ಈಗ ನಿಮಗಾದ ಹಾಗೆ.”

ಮಾತು 1980ರ ನವೆಂಬರ್‌ನಲ್ಲಿ ಶುರುವಾದ ‘ಟಿಂಕಲ್’ ಕಡೆ ಹೊರಳಿತು. ಪುರಾಣದ ಭಾರ ಇಳಿಸಿಟ್ಟ ಪೈ ಅಲ್ಲಿ ಸಿಗುತ್ತಾರೆ. ಸುಪ್ಪಾಂಡಿಯ ಮೂಲ ತಮಿಳುನಾಡಿನ ಓದುಗರೊಬ್ಬರು ಕಳಿಸಿಕೊಟ್ಟ ಜನಪದ ಕಥೆ. ವಾಯೀರ್‌ಕರ್ ಅವರ ನಂತರ ಸುಪ್ಪಾಂಡಿಯನ್ನು ಬರೆದವರು ಅವರ ಮಗಳು ಅರ್ಚನಾ ಅಂಬೇರ್‌ಕರ್. ಮಕ್ಕಳು ಬರೆದ ಪತ್ರಗಳಿಗೆ ಅಂಕಲ್ ಪೈ ಎಂಬ ಹೆಸರಿನಲ್ಲಿ ಉತ್ತರ ಹೋಗುತ್ತಿತ್ತು. ನಮ್ಮ ಓಣಿಯಲ್ಲಿ ಅಂಥ ಉತ್ತರ ಪಡೆದ ಹುಡುಗನೊಬ್ಬ ಆ ಕಾಗದವನ್ನು ಮುಟ್ಟಲು ಬಿಡದೆ, ನೋಡಲು ಮಾತ್ರ ಬಿಡುತ್ತಿದ್ದ. 2011ರ ಫೆಬ್ರವರಿ 19ರಂದು ದೆಹಲಿಯ ಮೊದಲ ಕಾಮಿಕ್ ಕಾನ್ ಎಂಬ ಕಾಮಿಕ್ಸ್ ಮೇಳ ಪೈ ಅವರಿಗೆ ಜೀವಮಾನ ಸಾಧನೆಯ ಗೌರವ ಕೊಟ್ಟಿತು. ಐದೇ ದಿನಕ್ಕೆ, 24ರಂದು, ಅವರು ಮುಂಬೈಯಲ್ಲಿ ತೀರಿಕೊಂಡರು. ಆ ದಿನದ ಬಗ್ಗೆ ಕೇಳಿದಾಗ ರಾಯರು ಹೆಚ್ಚು ಮಾತಾಡಲಿಲ್ಲ. ಮಸೂರವನ್ನು ಒರೆಸಿ ಜೇಬಿಗಿಟ್ಟು ಕಾಫಿ ತರಿಸಿದರು.

ಸಂಜೆ ಕಿಂಗ್ಸ್ ಸರ್ಕಲ್‌ನ ಫುಟ್‌ಪಾತಿನಲ್ಲಿ ಹಳೆ ಪುಸ್ತಕದವರ ಮುಂದೆ ನಿಂತೆವು. ಎಂಜಿನಿಯರಿಂಗ್ ಗೈಡುಗಳ ರಾಶಿಯ ಕೆಳಗೆ, ಸೆಣಬಿನ ದಾರದಲ್ಲಿ ಬಿಗಿದ ಟಿಂಕಲ್ ಕಟ್ಟೊಂದು ಇತ್ತು. ಭಾವ ಮಂಡಿಯೂರಿ ಕುಳಿತು ಒಂದೊಂದನ್ನೇ ತೆರೆದು ಶಂಭು ಇದ್ದಾನೆಯೇ ಎಂದು ಪರೀಕ್ಷಿಸತೊಡಗಿದರು. ಅಂಗಡಿಯವನು ಎರಡು ನಿಮಿಷ ಸುಮ್ಮನೆ ನೋಡಿದ. ಗಿರಾಕಿಯ ಮುಖ ಓದುವುದರಲ್ಲಿ ಅವನು ಪಳಗಿದವನು; ಬಿಡಿಯಾಗಿ ಕೊಡುವುದಿಲ್ಲ, ಕಟ್ಟಿಗೆ ಕಟ್ಟೇ ತೆಗೆದುಕೊಳ್ಳಬೇಕು ಎಂದ. ಸಾಲ ಕೇಳಿ ಬಂದ ಎಷ್ಟೋ ಜನರನ್ನು ಕಡತ ನೋಡಿಯೇ ವಾಪಸು ಕಳಿಸಿದ ಭಾವ ಚೌಕಾಸಿ ಮಾಡಲೂ ಇಲ್ಲ, ಅವನು ಹೇಳಿದಷ್ಟನ್ನೂ ಎಣಿಸಿ ಕೊಟ್ಟರು. ಕಟ್ಟನ್ನು ಹೆಗಲಿಗೇರಿಸಿಕೊಂಡು ಸ್ಟೇಷನ್ ಕಡೆ ನಡೆಯುವಾಗ ಕೇಳಿದೆ, “ಅಕ್ಕ ಕೇಳಿದರೆ ಏನು ಹೇಳುತ್ತೀರಿ ಭಾವ?”

“ಊರಿನಿಂದ ನೀನು ತಂದದ್ದು ಎನ್ನುತ್ತೇನೆ” ಎಂದರು. “ನೀನು ಹೇಗೂ ನಾಳೆ ರೈಲು ಹತ್ತುವವನು.”