ದೊಡ್ಡಪ್ಪನ ಮಳೆ ಲೆಕ್ಕ, ನನ್ನ ಕಪ್ಪು ಪರದೆ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಎಂಟೂವರೆಗೆ ಒಂದು ಮೆಸೇಜ್ ಬಂದೇ ಬರುತ್ತದೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ, ದೊಡ್ಡಪ್ಪನ ಅಡಿಕೆ ತೋಟ. ಅಂಗಳದ ಮೂಲೆಯಲ್ಲಿ ಒಂದು ಮಳೆ ಮಾಪಕ ಇಟ್ಟಿದ್ದಾರೆ. ಬೆಳಿಗ್ಗೆ ಎದ್ದು, ಕಾಫಿ ಕುಡಿದು, ಕೊಡೆ ಹಿಡಿದು ಹೋಗಿ ಅಳೆದು ಗುಂಪಿಗೆ ಹಾಕುತ್ತಾರೆ. ಹವಾಮಾನ ಇಲಾಖೆಯವರ ಮಳೆ ದಿನವೂ ಬೆಳಿಗ್ಗೆ ಎಂಟೂವರೆಯಿಂದ ಎಂಟೂವರೆಗೇ. ಅದನ್ನು ಇವರು ಎಲ್ಲಿಂದ ಕಲಿತರೋ ಗೊತ್ತಿಲ್ಲ, ಆದರೆ ಒಂದು ದಿನವೂ ತಪ್ಪಿಸುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಫೋನ್ ಮಾಡಿದರು. "ನೀನು ಕಂಪ್ಯೂಟರ್ ಅಂತ ಕೂತಿರ್ತೀಯಲ್ಲ, ನಾನು ಹಾಕಿದ್ದನ್ನೆಲ್ಲ ಒಂದು ಪಟ್ಟಿ ಮಾಡಿಕೊಡು" ಅಂದರು. ಆಯ್ತು, ತಿಂಗಳು ತಿಂಗಳಿನ ಲೆಕ್ಕ ಕೊಡ್ತೀನಿ ಅಂದೆ. "ತಿಂಗಳ ಲೆಕ್ಕ ಯಾರಿಗೆ ಬೇಕು ಮಾರಾಯ? ಆರಿದ್ರೆ ಎಷ್ಟು ಬಂತು, ಪುಷ್ಯ ಎಷ್ಟು ಬಂತು, ಅದು ಹೇಳು." ಅಡಿಕೆಯ ಕೊಳೆ ರೋಗದ ಔಷಧಿ ಯಾವಾಗ ಹೊಡೆಸಬೇಕು ಅನ್ನುವ ಲೆಕ್ಕಾಚಾರ ಅವರದ್ದು. ಮಳೆ ಹಿಡಿಯುವ ಮುಂಚೆ ಮೈಲುತುತ್ತು, ಸುಣ್ಣದ ಔಷಧಿ ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ನಡುವೆ ಮಳೆ ಬಿಡುವು ಕೊಡಬೇಕಲ್ಲ, ಅದು ಯಾವ ಮಳೆಯಲ್ಲಿ ಕೊಡುತ್ತದೆ ಅಂತ ಅವರಿಗೆ ನೋಡಬೇಕಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸವೆಲ್ಲ ಮಾಡಿದ್ದು ಟರ್ಮಿನಲ್ ಅನ್ನುವ ಕಪ್ಪು ಪರದೆಯಲ್ಲಿ, ಕಮಾಂಡು ಟೈಪ್ ಮಾಡಿ. ಆ ಕಮಾಂಡುಗಳ ಹೆಸರನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ನೀವು ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ವಾಟ್ಸಾಪ್‌ನಲ್ಲಿ ಒಂದು ಗುಂಪಿನ ಮಾತುಕತೆಯನ್ನೆಲ್ಲ ಎಕ್ಸ್‌ಪೋರ್ಟ್ ಮಾಡಿದರೆ ಒಂದು ಟೆಕ್ಸ್ಟ್ ಫೈಲ್ ಸಿಗುತ್ತದೆ. ಒಂದೊಂದು ಮೆಸೇಜಿಗೂ ಒಂದೊಂದು ಸಾಲು: ತಾರೀಖು, ಹೊತ್ತು, ಕಳಿಸಿದವರ ಹೆಸರು, ಮಾತು. ಮೆಸೇಜಿನಲ್ಲಿ ಎಂಟರ್ ಒತ್ತಿದ್ದರೆ ಮುಂದಿನ ಸಾಲಿಗೆ ತಾರೀಖು ಇರುವುದಿಲ್ಲ, ಅದು ಅನಾಥ. ನಮ್ಮ ಫೈಲಿನಲ್ಲಿ ಮಳೆಗಿಂತ ಜಾಸ್ತಿ ಇದ್ದದ್ದು ಶುಭೋದಯ, ಹುಟ್ಟುಹಬ್ಬದ ಹಾರೈಕೆ, ಯಾರದೋ ಮದುವೆ ಊಟದ ಚರ್ಚೆ. ಇದನ್ನೆಲ್ಲ ಕೈಯಲ್ಲಿ ಹೆಕ್ಕುವುದು ಆಗದ ಮಾತು. ಬೇಕಾದ ಪದ ಇರುವ ಸಾಲುಗಳನ್ನು ಮಾತ್ರ ಹೆಕ್ಕಿಕೊಡುವ ಗ್ರೆಪ್ ಅನ್ನುವ ಕಮಾಂಡು ಇರುವುದು ಇದಕ್ಕೇ. ಹಳೇ ಯುನಿಕ್ಸ್‌ನ ಎಡ್ ಅನ್ನುವ ಎಡಿಟರಿನಲ್ಲಿ "ಎಲ್ಲ ಕಡೆ ಹುಡುಕು, ಸಿಕ್ಕಿದ ಸಾಲು ತೋರಿಸು" ಅನ್ನುವ ಆದೇಶ ಇತ್ತು. ಅದರ ಅಕ್ಷರಗಳನ್ನೇ ಸೇರಿಸಿದ್ದು ಗ್ರೆಪ್ ಅನ್ನುವ ಹೆಸರು. 1970ರ ದಶಕದ್ದು, ಬರೆದವರು ಕೆನ್ ಥಾಂಪ್ಸನ್. ಇವತ್ತಿಗೂ ನನ್ನ ಲ್ಯಾಪ್‌ಟಾಪಿನಲ್ಲಿ ದಿನಕ್ಕೆ ಹತ್ತು ಸಲ ಓಡುತ್ತದೆ.

ಮೊದಲ ಗ್ರೆಪ್ ದೊಡ್ಡಪ್ಪನ ಹೆಸರಿರುವ ಸಾಲುಗಳಿಗೆ, ಅದರಿಂದ ಪೈಪ್ ಹಾಕಿ ಎರಡನೇ ಗ್ರೆಪ್ "ಮಳೆ" ಅನ್ನುವ ಪದಕ್ಕೆ. ಪೈಪ್ ಅಂದರೆ ಅಬ್ಬಿ ನೀರು ಒಂದು ದಬ್ಬೆಯಿಂದ ಇನ್ನೊಂದು ದಬ್ಬೆಗೆ ಇಳಿದು ಹಂಡೆಗೆ ಬೀಳುವ ಹಾಗೆ, ಒಂದರ ಉತ್ತರ ಇನ್ನೊಂದರ ಬಾಯಿಗೆ. ಹೀಗೆ ಸೋಸಿದ್ದು ಬಂತು. ಅರ್ಧ ಗಂಟೆಯಲ್ಲಿ ಕೆಲಸ ಮುಗೀತು ಅಂದುಕೊಂಡೆ. ಸಾಲಿನಲ್ಲಿರುವ ಸಂಖ್ಯೆ ಹೆಕ್ಕಿ, ಸಾಲು ಸಾಲಾಗಿ ಓದಿ ಲೆಕ್ಕ ಹಾಕುವ ಕಮಾಂಡು ಆಕ್‌ಗೆ ಕೊಟ್ಟು ಕೂಡಿಸು ಅಂದೆ.

ಉತ್ತರ ತೀರಾ ಕಮ್ಮಿ ಬಂತು. ಜುಲೈ ತಿಂಗಳ ಒಂದು ವಾರಕ್ಕಂತೂ ಸೊನ್ನೆ. ಆಗುಂಬೆ ಪಕ್ಕದ ಊರಿನಲ್ಲಿ ಜುಲೈನಲ್ಲಿ ಸೊನ್ನೆ! ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ, ಇನ್ನು ಜುಲೈ ಅಂದರೆ ಕೇಳುವುದೇ ಬೇಡ.

ಕಾರಣ ಸುಲಭ. ದೊಡ್ಡಪ್ಪ ಕೆಲವು ದಿನ 112 ಅಂತ ಬರೆಯುತ್ತಾರೆ, ಕೆಲವು ದಿನ ೧೧೨ ಅಂತ. ನಮಗೆ ಎರಡೂ ಒಂದೇ. ಆಕ್‌ಗೆ ಕನ್ನಡ ಅಂಕಿ ಅಂಕಿಯೇ ಅಲ್ಲ, ಸುಮ್ನೆ ಅಕ್ಷರ. ಕೂಡಿಸು ಅಂದರೆ ಅದನ್ನು ಸೊನ್ನೆ ಅಂತ ಎಣಿಸಿ ಮುಂದೆ ಹೋಗುತ್ತದೆ. ತಪ್ಪು ಅಂತ ಒಂದು ಮಾತೂ ಹೇಳುವುದಿಲ್ಲ, ಅದೇ ಬೇಜಾರು.

ಸರಿ, ಕನ್ನಡ ಅಂಕಿಗಳನ್ನು ಬದಲಾಯಿಸೋಣ ಅಂತ ಟಿಆರ್ ಹಿಡಿದೆ. ಅಕ್ಷರಕ್ಕೆ ಅಕ್ಷರ ಬದಲಾಯಿಸುವ ಕಮಾಂಡು ಅದು. ಓಡಿಸಿದೆ, ಕನ್ನಡವೆಲ್ಲ ಚೂರುಚೂರಾಗಿ ಚೌಕಗಳೂ ಪ್ರಶ್ನೆ ಚಿಹ್ನೆಗಳೂ ಬಂದವು. ಲಿನಕ್ಸ್‌ನಲ್ಲಿರುವ ಗ್ನೂ ಟಿಆರ್ ಅಕ್ಷರ ನೋಡುವುದಿಲ್ಲ, ಬೈಟ್ ನೋಡುತ್ತದೆ, ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಒಡೆದು ಇಟ್ಟುಕೊಳ್ಳುವ ಚೂರುಗಳನ್ನು. ಯುಟಿಎಫ್-8 ಅಂದರೆ ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಒಂದು ರೀತಿ, ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಆ ಮೂರರಲ್ಲಿ ಮೊದಲನೆಯದು ಎಲ್ಲ ಕನ್ನಡ ಅಕ್ಷರಗಳಿಗೂ ಒಂದೇ, ಹಾಗಾಗಿ ಅಂಕಿ ಬದಲಾಯಿಸಲು ಹೋಗಿ ಇಡೀ ಭಾಷೆಗೇ ಕತ್ತರಿ ಬಿತ್ತು. ಬೇಕಾದದ್ದು ಸೆಡ್, ಸಾಲುಗಳನ್ನು ತಿದ್ದುವ ಕಮಾಂಡು. ಅದರಲ್ಲಿ 'ವೈ' ಅನ್ನುವ ಆದೇಶ ಇದೆ. ವೈ, ಓರೆಗೆರೆ, ೦೧೨೩೪೫೬೭೮೯, ಓರೆಗೆರೆ, 0123456789, ಓರೆಗೆರೆ. ಇಷ್ಟೇ. ಟರ್ಮಿನಲ್‌ನ ಲೊಕೇಲ್, ಅಂದರೆ ಭಾಷೆಯ ಸೆಟ್ಟಿಂಗ್, ಯುಟಿಎಫ್-8 ಆಗಿರಬೇಕು, ಇಲ್ಲದಿದ್ದರೆ ಸೆಡ್ ಕೂಡ ಬೈಟ್ ಎಣಿಸಲು ಶುರು ಮಾಡುತ್ತದೆ.

ಈ ಬೈಟ್ ಗಲಾಟೆ ಕಣ್ಣಾರೆ ನೋಡಬೇಕಾದರೆ "ಶಿವಮೊಗ್ಗ" ಅಂತ ಬರೆದು, ಎಣಿಸುವ ಕಮಾಂಡು ಡಬ್ಲ್ಯೂಸಿಗೆ ಕೊಡಿ. ನಾವು ಓದುವುದು ನಾಲ್ಕು ಅಕ್ಷರ: ಶಿ, ವ, ಮೊ, ಗ್ಗ. ಡಬ್ಲ್ಯೂಸಿಗೆ 'ಮೈನಸ್ ಎಮ್' ಹಾಕಿದರೆ 8 ಅನ್ನುತ್ತದೆ, ಯಾಕೆಂದರೆ ಗುಣಿತದ ಗುರುತು, ಒತ್ತಿನ ಗುರುತು ಎಲ್ಲ ಬೇರೆ ಬೇರೆ ಲೆಕ್ಕ. 'ಮೈನಸ್ ಸಿ' ಹಾಕಿದರೆ ಬೈಟ್ ಎಣಿಸಿ 24 ಅನ್ನುತ್ತದೆ. ಕೊನೆಯಲ್ಲಿ ಹೊಸ ಸಾಲು ಸೇರಿಕೊಂಡಿದ್ದರೆ ಎರಡಕ್ಕೂ ಒಂದೊಂದು ಜಾಸ್ತಿ. ಒಂದೇ ಊರು, ಮೂರು ಅಳತೆ.

ಅಂಕಿ ಬದಲಾಯಿಸಿದ ಮೇಲೆ ಫೈಲ್ ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿದೆ. ಒಂದು ಕಡೆ "2 ಇ0ಚು" ಅಂತ ಇತ್ತು. ಇದೇನಪ್ಪಾ ಅಂತ ಮೂಲ ನೋಡಿದರೆ ಅಲ್ಲಿ ಇರುವುದು "ಇ೦ಚು". ನೀವೂ ಹತ್ತಿರದಿಂದ ನೋಡಿ, "ಇಂಚು" ಅಲ್ಲ ಅದು. ನಮ್ಮ ಕಡೆ ಶಾಲೆಯಲ್ಲಿ ಅನುಸ್ವಾರಕ್ಕೂ ಸೊನ್ನೆ ಅಂತಲೇ ಹೇಳಿಕೊಟ್ಟಿದ್ದು, ಹಾಗಾಗಿ ದೊಡ್ಡಪ್ಪ ಸೊನ್ನೆ ಅಂದರೆ ಸೊನ್ನೆಯನ್ನೇ ಒತ್ತಿದ್ದಾರೆ. ಅವರದ್ದು ಏನೂ ತಪ್ಪಿಲ್ಲ! ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅನುಸ್ವಾರದ ಸಂಖ್ಯೆ 3202, ಕನ್ನಡ ಸೊನ್ನೆಯದು 3302. ಸರಿಯಾಗಿ ನೂರು ಮನೆ ಆಚೆ ಇರುವ ಇಬ್ಬರು, ಮುಖ ಮಾತ್ರ ಒಂದೇ. ವೈ ಆದೇಶಕ್ಕೆ ಮುಂಚೆ ಇನ್ನೊಂದು ಸೆಡ್ ಸಾಲು ಸೇರಿಸಿದೆ: ಸೊನ್ನೆಯ ಎಡಕ್ಕೂ ಬಲಕ್ಕೂ ಅಕ್ಷರ ಇದ್ದರೆ ಅದನ್ನು ಅನುಸ್ವಾರ ಮಾಡು, ಅಂಕಿ ಇದ್ದರೆ ಮುಟ್ಟಬೇಡ.

ಇಂಚು ಎಲ್ಲಿಂದ ಬಂತು ಅಂತೀರಾ? ಹಳಬರಿಗೆ ಮಿಲಿಮೀಟರ್ ಬಾಯಿಗೆ ಬರುವುದಿಲ್ಲ. ಕಾಫಿ ತೋಟದವರಿಂದ ಬಂದ ರೂಢಿ ಇದು, ಇಂಚು ಮತ್ತು ಸೆಂಟ್ಸ್. ನೂರು ಸೆಂಟ್ಸಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ದೊಡ್ಡಪ್ಪ ಖುಷಿಯಲ್ಲಿದ್ದರೆ ಮಿಲಿಮೀಟರ್, ಅವಸರದಲ್ಲಿದ್ದರೆ "2-40" ಅಂತ. ಅಂದರೆ ಎರಡು ಇಂಚು ನಲವತ್ತು ಸೆಂಟ್ಸ್, 60.96 ಮಿಲಿಮೀಟರ್. ನಾನು ಬುದ್ಧಿವಂತ ಅಂತ ಸೆಡ್‌ನಲ್ಲಿ ನಡುವಿನ ಗೆರೆಯನ್ನು ಚುಕ್ಕಿ ಮಾಡಿ, 2.40ನ್ನು 25.4ರಿಂದ ಗುಣಿಸಿದೆ. ಸರಿ ಬಂತು. "1-5" ಬರುವ ತನಕ ಸರಿ ಬಂತು. ಒಂದು ಇಂಚು ಐದು ಸೆಂಟ್ಸ್ ಅಂದರೆ 1.05, ನನ್ನ ಲೆಕ್ಕದಲ್ಲಿ 1.5 ಆಗಿತ್ತು. 26.67 ಇರಬೇಕಾದ ಜಾಗದಲ್ಲಿ 38.1. ಇಂಥ ತಪ್ಪು ಪರದೆಯ ಮೇಲೆ ಎದ್ದು ಕಾಣುವುದೇ ಇಲ್ಲ, ಅದಕ್ಕೆ ಭಯ. ಕೊನೆಗೆ ಆಕ್‌ಗೆ ಆ ಗೆರೆಯನ್ನೇ ಕ್ಷೇತ್ರ ಬೇರ್ಪಡಿಸುವ ಗುರುತು ಅಂತ ಹೇಳಿ, ಮೊದಲನೆಯದಕ್ಕೆ ಎರಡನೆಯದನ್ನು ನೂರರಿಂದ ಭಾಗಿಸಿ ಕೂಡಿಸು ಅಂದೆ.

ಇನ್ನು "ನೂರಾ ಹನ್ನೆರಡು" ಅಂತ ಬಾಯಲ್ಲಿ ಹೇಳಿ ಟೈಪ್ ಮಾಡಿಸಿದ ಸಾಲುಗಳು ಹದಿನಾರೋ ಹದಿನೇಳೋ ಇದ್ದವು. ಅವನ್ನು ಕೈಯಲ್ಲೇ ತಿದ್ದಿದೆ. ಹದಿನೇಳು ಸಾಲಿಗೆ ಪ್ರೋಗ್ರಾಂ ಬರೆಯಲು ಕೂತರೆ ಮುಂದಿನ ಮಳೆಗಾಲ ಬರುತ್ತದೆ. "ಮಳೆ ಇಲ್ಲ" ಅಂದದ್ದಕ್ಕೆ 0 ಹಾಕಿದೆ, ಮೆಸೇಜೇ ಇಲ್ಲದ ದಿನಕ್ಕೆ ಅಡ್ಡಗೆರೆ. ಇವೆರಡನ್ನು ಒಂದು ಮಾಡಬಾರದು ಅನ್ನುವಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು.

ನಕ್ಷತ್ರದ ಭಾಗ ಮಾತ್ರ ತುಂಬಾ ಹಿಡಿಸಿತು. ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘಾ, ಹೀಗೆ ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಆರಿದ್ರೆ ಹುಟ್ಟುವುದು ಜೂನ್ 21, 22ರ ಹೊತ್ತಿಗೆ. ಫೋನಿನಲ್ಲಿ ದೊಡ್ಡಪ್ಪ ಪಂಚಾಂಗ ನೋಡಿ ತಾರೀಖು ಓದಿದರು, ನಾನು ಒಂದು ಪುಟ್ಟ ಫೈಲ್ ಮಾಡಿದೆ. ಆಕ್ ಮೊದಲು ಆ ಫೈಲ್ ಓದಿ ಮನಸ್ಸಿನಲ್ಲಿಟ್ಟುಕೊಳ್ಳುತ್ತದೆ, ಆಮೇಲೆ ಮಳೆ ಫೈಲಿನ ಒಂದೊಂದು ತಾರೀಖನ್ನೂ ಯಾವ ನಕ್ಷತ್ರಕ್ಕೆ ಸೇರಿದ್ದು ಅಂತ ನೋಡಿ ಆ ಖಾತೆಗೆ ಹಾಕುತ್ತದೆ. ತಾರೀಖನ್ನು ವರ್ಷ, ತಿಂಗಳು, ದಿನ ಅಂತ ತಿರುಗಿಸಿ ಬರೆದುಕೊಂಡರೆ ಹೋಲಿಸುವುದು ಸುಲಭ, ದೊಡ್ಡದು ಚಿಕ್ಕದು ಅಂತ ನೋಡಿದರೆ ಸಾಕು. ಬೆಲ್ ಲ್ಯಾಬ್ಸ್‌ನಲ್ಲಿ 1977ರಲ್ಲಿ ಮೂವರು ಸೇರಿ ಮಾಡಿದ ಸಾಧನ ಈ ಆಕ್, ಹೆಸರೂ ಅವರ ಹೆಸರುಗಳ ಮೊದಲ ಅಕ್ಷರಗಳೇ. ಅದರಲ್ಲಿ ಆರಿದ್ರೆ ಮಳೆ ಲೆಕ್ಕ ಹಾಕಿಸುತ್ತಾರೆ ಅಂತ ಅವರು ಕನಸಿನಲ್ಲೂ ಅಂದುಕೊಂಡಿರಲಿಕ್ಕಿಲ್ಲ, ಅಲ್ವಾ?

ಪಟ್ಟಿ ಚೆಂದ ಮಾಡುವುದು ಇನ್ನೊಂದು ರಗಳೆ. ಆಕ್‌ನ ಪ್ರಿಂಟ್‌ಎಫ್‌ಗೆ (ಪಟ್ಟಿ ಜೋಡಿಸಿ ಬರೆಯುವ ಆದೇಶ) ಹೆಸರಿಗೆ ಹನ್ನೆರಡು ಮನೆ ಬಿಡು ಅಂದರೆ ಅದು ಸಂಕೇತ ಎಣಿಸುತ್ತದೆ, ಉಬುಂಟುವಿನಲ್ಲಿ ಮೊದಲೇ ಇರುವ, ಮಾಕ್ ಅನ್ನುವ ಇನ್ನೊಂದು ಬಗೆಯ ಆಕ್ ಆದರೆ ಬೈಟೇ ಎಣಿಸುತ್ತದೆ. "ಆಶ್ಲೇಷ" ನೋಡಲು ಮೂರು ಅಕ್ಷರ, ಲೆಕ್ಕದಲ್ಲಿ ಆರು. ಹಾಗಾಗಿ ಮುಂದಿನ ಕಂಬಸಾಲು ಗೊನೆ ಭಾರಕ್ಕೆ ವಾಲಿದ ಬಾಳೆಯ ಹಾಗೆ ಆ ಕಡೆ ಈ ಕಡೆ. ಒಂದು ಗಂಟೆ ಗುದ್ದಾಡಿ ಆಮೇಲೆ ಹೊಳೆಯಿತು: ಅಂಕಿಗಳನ್ನು ಎಡಕ್ಕೆ ಹಾಕಿ, ಕನ್ನಡ ಹೆಸರನ್ನು ಕೊನೆಗೆ ತಳ್ಳು. ಕೊನೆಯ ಕಂಬಸಾಲು ಎಷ್ಟು ಅಗಲ ಇದ್ದರೆ ಯಾರಿಗೇನು!

ಹಬ್ಬಕ್ಕೆ ಊರಿಗೆ ಹೋದಾಗ ಪ್ರಿಂಟ್ ತೆಗೆದುಕೊಂಡು ಹೋದೆ. ದೊಡ್ಡಪ್ಪ ಕನ್ನಡಕ ಹಾಕಿ ಜಗಲಿ ಮೇಲೆ ಕೂತು ನೋಡಿದರು. ಆರಿದ್ರೆಗೇ ಎಲ್ಲಕ್ಕಿಂತ ಜಾಸ್ತಿ ಅಂತ ಪಟ್ಟಿ ಹೇಳುತ್ತಿತ್ತು. ಅವರು ತಲೆ ಅಲ್ಲಾಡಿಸಿದರು.

"ಇದೇನು ಅಡ್ಡಗೆರೆ, ಪುನರ್ವಸುವಿನಲ್ಲಿ?"

"ಆ ದಿನ ನೀವು ಮೆಸೇಜ್ ಹಾಕಿಲ್ಲ ದೊಡ್ಡಪ್ಪ."

"ಹೇಗೆ ಹಾಕೋದು? ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲ, ನೆಟ್‌ವರ್ಕೂ ಇಲ್ಲ. ಮಾಪಕ ತುಂಬಿ ಹೊರಗೆ ಚೆಲ್ಲೋ ಹಾಗೆ ಹೊಯ್ತಿತ್ತು."

ಎದ್ದು ಒಳಗೆ ಹೋಗಿ ಗೋಡೆ ಕ್ಯಾಲೆಂಡರ್ ತಂದರು. ಒಂದೊಂದು ತಾರೀಖಿನ ಚೌಕದಲ್ಲೂ ಪೆನ್ಸಿಲ್ಲಿನಲ್ಲಿ ಅಂಕಿ. ಮೆಸೇಜ್ ಬಾರದ ದಿನಗಳದ್ದೂ ಇತ್ತು, ಅವೇ ಎಲ್ಲಕ್ಕಿಂತ ದೊಡ್ಡ ಅಂಕಿಗಳು. ಹಳೇ ವರ್ಷಗಳ ಕ್ಯಾಲೆಂಡರುಗಳೆಲ್ಲ ಸುರುಳಿ ಸುತ್ತಿ ಅಟ್ಟದ ಮೇಲಿವೆಯಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ನೀನು ಕೇಳಲಿಲ್ಲವಲ್ಲ" ಅಂದರು.

ಅಲ್ಲೇ ಲ್ಯಾಪ್‌ಟಾಪ್ ತೆಗೆದು, ಅಡ್ಡಗೆರೆ ಇದ್ದ ದಿನಗಳನ್ನೆಲ್ಲ ಒಂದೊಂದಾಗಿ ತುಂಬಿದೆ. ಅವರು ಓದುತ್ತಾ ಹೋದರು, ಇಂಚಿನಲ್ಲಿ. ಮತ್ತೆ ಆಕ್ ಓಡಿಸಿದೆ. ಪುನರ್ವಸು ಮೇಲೆ ಬಂತು.