ಗೋಡೆ ಮೇಲಿನ ಪೆನ್ಸಿಲ್ ಗೀಟು

ನಮ್ಮ ಅಡುಗೆಮನೆ ಗೋಡೆ ಮೇಲೆ ಪೆನ್ಸಿಲ್ ಗೀಟುಗಳಿವೆ. ನೋಡಿದವರು ಮಕ್ಕಳ ಎತ್ತರ ಅಳೆದದ್ದು ಅಂದ್ಕೊಳ್ತಾರೆ. ಅವು ನನ್ನ ಎಡಗೈಯವು.

ಹೋದ ವರ್ಷ ಕ್ಯಾನ್ಸರ್ ಅಂತ ಎಡ ಸ್ತನ ತೆಗೆದು, ಅದೇ ಆಪರೇಷನ್‌ನಲ್ಲಿ ಬೆನ್ನಿನ ಸ್ನಾಯು, ಚರ್ಮ ಮುಂದಕ್ಕೆ ತಂದು ಹೊಸ ಸ್ತನ ಕಟ್ಟಿದರು. ಕಂಕುಳ ಗಂಟುಗಳನ್ನೂ, ಅಂದ್ರೆ ಲಿಂಫ್ ಗ್ರಂಥಿಗಳನ್ನೂ, ತೆಗೆದರು. ಡಿಸ್ಚಾರ್ಜ್ ದಿನ ವ್ಯಾಯಾಮದ ಹಾಳೆಯೊಂದನ್ನು ಕೈಗಿಟ್ಟರು, ಮಾಡಿ ತೋರಿಸಿದವರು ಯಾರೂ ಇಲ್ಲ. ಮನೆಗೆ ಬಂದರೆ ಅತ್ತೆ, "ಕೈ ಎತ್ತಬೇಡ ಮಾರಾಯ್ತಿ, ಹೊಲಿಗೆ ಬಿಚ್ಚೀತು" ಅಂದರು. ನಾನೂ ಹೆದರಿ, ಗಾಯದ ನೀರು ಹೊರಹೋಗಲು ಹಾಕಿದ್ದ ಡ್ರೇನ್ ಪೈಪ್ ತೆಗೆದ ಮೇಲೂ ಕೈಯನ್ನ ಎದೆಗೆ ಅವಚಿಕೊಂಡೇ ಕೂತೆ. ತಪ್ಪಾಗಿದ್ದೇ ಅಲ್ಲಿ.

ಒಂದು ದಿನ ಸ್ನಾನ ಮಾಡುವಾಗ ಕಂಕುಳಿಂದ ಮೊಣಕೈವರೆಗೆ, ಚರ್ಮದ ಅಡಿಯಲ್ಲಿ ಬಾಳೆನಾರು ಎಳೆದು ಕಟ್ಟಿದ ಹಾಗೆ ಏನೋ ಬೆರಳಿಗೆ ಸಿಕ್ಕಿತು. ಕೈ ಚಾಚಿದರೆ ಬಿಗಿಯುತ್ತೆ, ನೋಯುತ್ತೆ. ಮತ್ತೆ ಬಂತು ಅಂತಲೇ ಅಂದ್ಕೊಂಡೆ. ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಮೊದಲ ಬಸ್ ಹತ್ತಿದೆ, ಮಂಡಗದ್ದೆ ದಾಟಿದ್ದೂ ಗೊತ್ತಾಗಲಿಲ್ಲ. ಶಿವಮೊಗ್ಗದ ಫಿಸಿಯೋ ಹುಡುಗಿ ಮುಟ್ಟಿ ನೋಡಿ, "ಅಕ್ಕಾ, ಇದು ಕಾರ್ಡಿಂಗ್. ಕಂಕುಳ ಆಪರೇಷನ್ ಆದವರಿಗೆ ಬರುತ್ತೆ. ಕ್ಯಾನ್ಸರ್ ಅಲ್ಲ" ಅಂದಳು. ಅಲ್ಲೇ ಅತ್ತುಬಿಟ್ಟೆ.

ಆಮೇಲೆ ಶುರುವಾಯ್ತು ಗೋಡೆ ಹತ್ತುವ ಕೆಲಸ. ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಇರುವೆ ಹಾಗೆ ಒಂದೊಂದೇ ಮೇಲಕ್ಕೆ ಸರಿಸಬೇಕು. ಎಳೆತ ಗೊತ್ತಾದಲ್ಲಿ ನಿಲ್ಲಿಸಿ, ಉಸಿರು ಬಿಟ್ಟು, ಒಂದು ಗೀಟು. ಮೊದಲ ಗೀಟು ನನ್ನ ಗಲ್ಲದ ಮಟ್ಟಕ್ಕಿತ್ತು. ಕೆಲವು ದಿನ ಗೀಟು ಹಿಂದಿನದಕ್ಕಿಂತ ಕೆಳಗೇ ಬೀಳುತ್ತಿತ್ತು, ಅದರಲ್ಲೂ ರೇಡಿಯೇಷನ್ ಆದ ವಾರಗಳಲ್ಲಿ.

ಬೆನ್ನಿನ ಆ ಸ್ನಾಯುವಿನ ಕೆಲಸ ಏನು ಗೊತ್ತಾ? ಮೇಲಿರುವ ಕೈಯನ್ನ ಕೆಳಕ್ಕೆ, ಹಿಂದಕ್ಕೆ ಎಳೆಯುವುದು. ಅಂದ್ರೆ ಬಾವಿ ನೀರು ಸೇದುವ ಕೆಲಸವೇ! ಬೇರೆ ಸ್ನಾಯುಗಳು ಆ ಭಾರ ಹೊರಲು ಕಲಿಯಬೇಕು, ಅದಕ್ಕೆ ತಿಂಗಳುಗಳೇ ಬೇಕು. ನಾನಿನ್ನೂ ಕೊಡಪಾನ ಮುಟ್ಟಿಲ್ಲ. ಮತ್ತೊಂದು, ಬಾಗಿಲು ಎಳೆದಾಗ ಹೊಸ ಸ್ತನ ತಾನಾಗಿ ಅದುರುತ್ತೆ. ಗಾಬರಿ ಬೇಡ, ಅದು ಅದೇ ಸ್ನಾಯು.

ಆಪರೇಷನ್ ಆಗಿ ಸ್ಪರ್ಶ ಇಲ್ಲದ ಜಾಗದ ಬಗ್ಗೆ ಮಾತ್ರ ಹುಷಾರಾಗಿರಿ. ನಮ್ಮ ಹಂಡೆ ನೀರು ಸುಟ್ಟರೂ ಅಲ್ಲಿ ಗೊತ್ತಾಗಲ್ಲ. ಬಿಸಿನೀರಿನ ಬ್ಯಾಗ್ ಅಂತೂ ಇಡಲೇಬೇಡಿ.

ಕಂಕುಳ ಗಂಟು ತೆಗೆದ ಕಡೆಯ ಕೈ ಊದಬಹುದು, ಲಿಂಫೆಡಿಮಾ ಅಂತಾರೆ, ವರ್ಷಗಳಾದ ಮೇಲೂ ಬರಬಹುದು. ಅದಕ್ಕೇ ತಿಂಗಳಿಗೊಮ್ಮೆ ಟೇಪ್ ಹಿಡಿದು ಎರಡೂ ಕೈಯನ್ನ ಒಂದೇ ಜಾಗದಲ್ಲಿ ಅಳೆಯುತ್ತೇನೆ. ಸಣ್ಣ ಗಾಯಕ್ಕೂ ಸೋಂಕಾದರೆ ಊತ ಜಾಸ್ತಿಯಾಗುತ್ತೆ. ಇಂಬಳ ಕಚ್ಚಿದರೂ ತೊಳೆದು ಔಷಧಿ ಹಚ್ಚಬೇಕು, ಕೈ ಕೆಂಪಾಗಿ ಬಿಸಿಯಾದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಈ ಸಲ ಅಡಿಕೆ ಸುಲಿಯಲು ನಾನು ಮೆಟ್ಟುಗತ್ತಿ ಮುಂದೆ ಕೂರುವುದಿಲ್ಲ ಅಂತ ಮನೆಯಲ್ಲಿ ಹೇಳಿಯಾಗಿದೆ.

ನಿಮ್ಮ ಆಪರೇಷನ್ ಬೇರೆ ಥರದ್ದಿರಬಹುದು, ಹೊಟ್ಟೆ ಭಾಗದ ಚರ್ಮ, ಕೊಬ್ಬು ತೆಗೆದು ಸ್ತನ ಕಟ್ಟಿದ್ದು ಅಥವಾ ಇಂಪ್ಲಾಂಟ್, ಅಂದ್ರೆ ಒಳಗೆ ಕೃತಕ ಸ್ತನ ಇಟ್ಟದ್ದು. ಆಗ ವ್ಯಾಯಾಮವೂ ಬೇರೆ. ಹಾಳೆ ಕೊಟ್ಟರೆ ಸುಮ್ನೆ ಬ್ಯಾಗಿಗೆ ಹಾಕಿಕೊಂಡು ಬರಬೇಡಿ, "ಒಂದ್ಸಲ ಮಾಡಿ ತೋರಿಸಿ" ಅಂತ ಅಲ್ಲೇ ಕೇಳಿ.

ಮೊನ್ನೆಯ ಗೀಟು ಕ್ಯಾಲೆಂಡರ್ ಮೊಳೆಗಿಂತ ನಾಲ್ಕು ಬೆರಳು ಕೆಳಗಿದೆ. ಅತ್ತೆಯೇ ಎಳೆದದ್ದು.